‘ಸಹಜ ಸಾವು’ ಎಂದು ಬರೆಯುವವರು ಯಾರು?

ಕಾನರ್ ಸ್ಪ್ಯಾರೋಹಾಕ್‌ಗೆ ಆಗ ಹದಿನೆಂಟು ವರ್ಷ. ಆಟಿಸಂ ಇತ್ತು, ಜೊತೆಗೆ ಮೂರ್ಛೆರೋಗ. ಆಕ್ಸ್‌ಫರ್ಡ್‌ನ ಸ್ಲೇಡ್ ಹೌಸ್ ಎಂಬ ಚಿಕಿತ್ಸಾ ಘಟಕದಲ್ಲಿದ್ದ ಹುಡುಗ 2013ರ ಜುಲೈ 4ರಂದು ಸ್ನಾನದ ತೊಟ್ಟಿಯಲ್ಲಿ ಮೂರ್ಛೆ ಬಂದು ಮುಳುಗಿ ಸತ್ತ. ಮೂರ್ಛೆ ಬರುವವರನ್ನು ಕೆರೆ, ಬಾವಿ, ಒಲೆಯ ಬಳಿ ಒಂಟಿಯಾಗಿ ಬಿಡಬಾರದೆಂದು ಅಕ್ಷರ ಬಾರದ ಅಜ್ಜಿಯರೂ ಹೇಳುತ್ತಾರೆ. ಆದರೆ ಘಟಕವನ್ನು ನಡೆಸುತ್ತಿದ್ದ, ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ ಅಂಗವಾದ ಸದರ್ನ್ ಹೆಲ್ತ್ ಟ್ರಸ್ಟ್ ಮೊದಲು ಹೇಳಿದ್ದು, ಇದು ಸಹಜ ಕಾರಣದ ಸಾವು ಎಂದು.

ಆತನ ತಾಯಿ ಸಾರಾ ರಯಾನ್ ಒಪ್ಪಲಿಲ್ಲ. ಎರಡು ವರ್ಷ ಕಳೆದ ಮೇಲೆ, 2015ರ ಅಕ್ಟೋಬರ್‌ನಲ್ಲಿ, ವಿಚಾರಣೆಯ ಜ್ಯೂರಿ ಈ ಸಾವಿಗೆ ನಿರ್ಲಕ್ಷ್ಯವೂ ಕಾರಣ ಎಂದಿತು. ಅದೇ ತೊಟ್ಟಿಯಲ್ಲಿ 2006ರಲ್ಲೇ ಇನ್ನೊಬ್ಬ ರೋಗಿ ಸತ್ತಿದ್ದ ಸಂಗತಿ ಕಾನರ್ ಹೋದ ಎಷ್ಟೋ ದಿನಗಳ ಮೇಲೆ ಹೊರಬಂತು. ಆಗ ಘಟಕ ಬೇರೆ ಸಂಸ್ಥೆಯ ಕೈಯಲ್ಲಿತ್ತಂತೆ. ಇರಲಿ, ತೊಟ್ಟಿ ಅದೇ ಅಲ್ಲವೇ?

ತಾಯಿಯ ಹೋರಾಟದ ಫಲವಾಗಿ ಮಜಾರ್ಸ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆ ಟ್ರಸ್ಟಿನ ಕಡತಗಳನ್ನು ಬಿಚ್ಚಿತು. 2011ರ ಏಪ್ರಿಲ್‌ನಿಂದ 2015ರ ಮಾರ್ಚ್‌ವರೆಗೆ 10,306 ಸಾವುಗಳು. ಅವುಗಳಲ್ಲಿ ಅನಿರೀಕ್ಷಿತವಾದವು 1,454. ಗಂಭೀರ ಘಟನೆ ಎಂದು ಪರಿಗಣಿಸಿ ತನಿಖೆಗೆ ಒಳಪಡಿಸಿದ್ದು 195 ಮಾತ್ರ. ಕಲಿಕೆಯ ತೊಂದರೆ ಇದ್ದವರ ಸಾವುಗಳಲ್ಲಿ ತನಿಖೆಯಾದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ನಡೆದ ತನಿಖೆಗಳಲ್ಲೂ ಮೂರರಲ್ಲಿ ಎರಡರಷ್ಟು ಕಡೆ ಮನೆಯವರನ್ನು ಸೇರಿಸಿಕೊಂಡೇ ಇರಲಿಲ್ಲ. ನನ್ನ ತಕರಾರು ಇರುವುದು ಇಲ್ಲಿ. ತನಿಖೆಯ ಗುಣಮಟ್ಟದ ಚರ್ಚೆ ಆಮೇಲಿನದು. ತನಿಖೆ ಬೇಕೋ ಬೇಡವೋ ಎಂಬುದನ್ನು ರೋಗಿಯನ್ನು ಕಳೆದುಕೊಂಡ ಸಂಸ್ಥೆಯೇ ತೀರ್ಮಾನಿಸುತ್ತಿತ್ತು. ಆರೋಪಿಯೇ ಠಾಣೆಯಲ್ಲಿ ಕುಳಿತು ಎಫ್‌ಐಆರ್ ಬೇಡವೆಂದು ಬರೆದ ಹಾಗೆ.

ಬಳಿಕ 2017ರಲ್ಲಿ ಇಂಗ್ಲೆಂಡ್ ನಿಯಮ ಬದಲಿಸಿತು. ಟ್ರಸ್ಟುಗಳು ಮೂರು ತಿಂಗಳಿಗೊಮ್ಮೆ ಸಾವುಗಳ ಲೆಕ್ಕ ಪ್ರಕಟಿಸಬೇಕು. ಮುಂದಿನ ಸಾವು ತಡೆಯಲು ಕರೋನರ್, ಅಂದರೆ ಅಸಹಜ ಸಾವಿನ ಕಾರಣ ವಿಚಾರಿಸುವ ಅಧಿಕಾರಿ, ವರದಿ ಬರೆದರೆ ಸಂಸ್ಥೆ 56 ದಿನಗಳಲ್ಲಿ ಉತ್ತರಿಸಬೇಕೆಂಬ ನಿಯಮ ಅದಕ್ಕೂ ಮೊದಲೇ ಇತ್ತು. ಉತ್ತರಗಳು ಎಷ್ಟೋ ಸಲ ವಿನಯದ ಪತ್ರಗಳಷ್ಟೇ ಆಗಿರುತ್ತವೆ ಎಂಬುದು ನಿಜ, ಆದರೂ ಯಾರು ಬೇಕಾದರೂ ಓದಬಹುದಾದ ಪತ್ರಗಳು. ಸದರ್ನ್ ಹೆಲ್ತ್‌ಗೆ 2018ರಲ್ಲಿ ಎರಡು ಸಾವುಗಳಿಗಾಗಿ 20 ಲಕ್ಷ ಪೌಂಡ್ ದಂಡ ಬಿತ್ತು.

ನಮ್ಮಲ್ಲಿ ಜೈಲಿನಲ್ಲಿ ಕೈದಿ ಸತ್ತರೆ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು. ಬಾಣಂತಿ ಸತ್ತರೆ ಆ ಸಾವಿನ ಪರಾಮರ್ಶೆಗೆ ಒಂದು ಕ್ರಮವಿದೆ; 2024ರಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿಗೆ ರಾಜ್ಯವೇ ಅಲುಗಾಡಿತು. ಬೀಗ ಹಾಕಿದ ಮನೋರೋಗ ವಾರ್ಡಿನಲ್ಲಿ ಒಬ್ಬ ಸತ್ತರೆ ಆಸ್ಪತ್ರೆಯ ಗೇಟಿನ ಮುಂದೆ ಯಾರು ಕೂಗುತ್ತಾರೆ? ಮನೆಯವರು ಅವಮಾನವೆಂದು ಬಾಯಿ ಮುಚ್ಚಿಕೊಂಡು ಶವ ಒಯ್ಯುತ್ತಾರೆ, ಕೆಲವೊಮ್ಮೆ ಬರುವುದೇ ಇಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್‌ನಲ್ಲಿ ಸರಪಳಿಯಲ್ಲಿದ್ದ ಮನೋರೋಗಿಗಳು ಬೆಂಕಿಗೆ ಬಲಿಯಾದಾಗ ದೇಶ ತಿರುಗಿ ನೋಡಿತು, ಏಕೆಂದರೆ ಸತ್ತವರು ಇಪ್ಪತ್ತೈದಕ್ಕೂ ಹೆಚ್ಚು. ಒಬ್ಬೊಬ್ಬರಾಗಿ ಸತ್ತಿದ್ದರೆ?

ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ರೋಗಿಯನ್ನು ಕಟ್ಟಿಹಾಕಿದರೆ ಅದನ್ನು ಪ್ರತಿ ತಿಂಗಳೂ ಪರಿಶೀಲನಾ ಮಂಡಳಿಗೆ ವರದಿ ಮಾಡಬೇಕು. ಅದೇ ವರದಿಯಲ್ಲಿ ಸಾವುಗಳೂ ಸೇರಲಿ, ಹೊರಗಿನ ವೈದ್ಯರೊಬ್ಬರು ಪ್ರತಿಯೊಂದನ್ನೂ ನೋಡಲಿ, ಮನೆಯವರಿಗೆ ಕಡತದ ಪ್ರತಿ ಸಿಗಲಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ಈ ಲೆಕ್ಕವನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಲಿ. ಹೊಸ ಕಟ್ಟಡ, ಹೊಸ ಹುದ್ದೆ ಯಾವುದೂ ಬೇಕಿಲ್ಲದ ಕೆಲಸ ಇದು; ಬಜೆಟ್ ಇಲ್ಲ ಎಂಬ ನೆಪವಂತೂ ನಡೆಯುವುದಿಲ್ಲ.