ಗುಂಡಿ ತೋಡಿದವರ ಪಶ್ಚಾತ್ತಾಪ

ಸುದ್ದಿಯನ್ನು ತೆರೆದೂ ನೋಡದೆ ಹಂಚಹೊರಟವರನ್ನು ತಡೆದು, ಮೊದಲು ಒಮ್ಮೆ ಓದಬಾರದೇ ಎಂದು ಕೇಳುವ ಸೌಜನ್ಯದ ಪ್ರಯೋಗವನ್ನು ಟ್ವಿಟರ್ 2020ರ ಜೂನ್‌ನಲ್ಲಿ ಆರಂಭಿಸಿದ್ದು ಎಲ್ಲರಿಗೂ ನೆನಪಿರಬಹುದು. ಅಕ್ಷರಾಭ್ಯಾಸ ಮಾಡಿಸಿ, ಪದವಿ ಕೊಡಿಸಿ, ನೌಕರಿಗೂ ಸೇರಿಸಿದ ಮೇಲೆ, ಮನುಷ್ಯನಿಗೆ ಓದು ಎಂದು ನೆನಪಿಸುವ ಹೊಣೆ ಕೊನೆಗೆ ಫೋನಿನ ಪಾಲಿಗೆ ಬಂದದ್ದನ್ನು ಪ್ರಗತಿಯೆಂದೇ ಕರೆಯಬೇಕು.

ಕನ್ನಡ ಈ ವಿಷಯದಲ್ಲಿ ಬಹಳ ಹಿಂದೆಯೇ ಎಚ್ಚರಿಸಿತ್ತು. ಒತ್ತುವುದಕ್ಕೂ ಬೀಳುವುದಕ್ಕೂ ನಮ್ಮ ಹಿರಿಯರು 'ಗುಂಡಿ' ಎಂಬ ಒಂದೇ ಪದವನ್ನು ಇಟ್ಟಿದ್ದಾರೆ. 2009ರಲ್ಲಿ ರಿಟ್ವೀಟ್ ಗುಂಡಿ ಬರುವ ಮುನ್ನ ಇನ್ನೊಬ್ಬರ ಮಾತನ್ನು ಹರಡಬೇಕಾದರೆ ಅದನ್ನು ನಕಲು ಮಾಡಿ, ಮುಂದೆ 'ಆರ್‌ಟಿ' ಎಂದು ಬರೆದು, 140 ಅಕ್ಷರಗಳೊಳಗೆ ಹಿಡಿಸುವಂತೆ ಕತ್ತರಿಸಬೇಕಿತ್ತು. ಕತ್ತರಿಸುವ ನೆಪದಲ್ಲಾದರೂ ಅದರ ಮೇಲೆ ಕಣ್ಣು ಹಾಯುತ್ತಿತ್ತು. ಆ ಗುಂಡಿಯನ್ನು ರೂಪಿಸಿ ಈ ಕಷ್ಟವನ್ನು ಪರಿಹರಿಸಿದ ತಂತ್ರಜ್ಞ ಕ್ರಿಸ್ ವೆದರೆಲ್, 2019ರಲ್ಲಿ, ನಾಲ್ಕು ವರ್ಷದ ಮಗುವಿನ ಕೈಗೆ ಗುಂಡು ತುಂಬಿದ ಆಯುಧ ಕೊಟ್ಟಂತಾಯಿತೇನೋ ಎಂದು ಹಳಹಳಿಸಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹಳಹಳಿಸುವವರ ಪಂಕ್ತಿಯಲ್ಲಿ ಏಜಾ ರಾಸ್ಕಿನ್ ಅವರಿಗೂ ಒಂದು ಎಲೆ ಹಾಕಬೇಕು. 2006ರಲ್ಲಿ ಅವರು ರೂಪಿಸಿದ್ದು ತಳವಿಲ್ಲದ ಪುಟ, ಅಂದರೆ ಬೆರಳಾಡಿಸಿದಷ್ಟೂ ಮುಗಿಯದೆ ಕೆಳಕ್ಕೆ ಬೆಳೆಯುತ್ತಲೇ ಹೋಗುವ ಪುಟ. ಪುಟವನ್ನು ಮತ್ತೆ ತೆರೆಯದೆಯೇ ಹಿತ್ತಲ ಬಾಗಿಲಿನಿಂದ ಸರ್ವರ್‌ನೊಡನೆ ಮಾತಾಡಿ ಹೊಸ ಸರಕನ್ನು ತಂದಿಳಿಸುವ ವಿದ್ಯೆ ಅದಕ್ಕೂ ಮೊದಲೇ ಇತ್ತು. 1999ರಲ್ಲಿ ಮೈಕ್ರೋಸಾಫ್ಟ್ ಅದನ್ನು ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಅಳವಡಿಸಿದ್ದು ಪಾಪ, ಬ್ರೌಸರ್‌ನಲ್ಲಿ ಇ-ಮೇಲ್ ಓದುವವರ ಅನುಕೂಲಕ್ಕಾಗಿ, ಮತ್ತು 'ಏಜಾಕ್ಸ್' ಎಂಬ ನಾಮಕರಣವಾದದ್ದು 2005ರಲ್ಲಿ. ಹಿಂದೆಲ್ಲ 'ಮುಂದಿನ ಪುಟ' ಎಂದು ಒತ್ತಿ ಅದು ತೆರೆಯುವವರೆಗೆ ಕಾಯುತ್ತಿದ್ದಾಗ, ಒಲೆಯ ಮೇಲಿಟ್ಟ ಹಾಲು ನೆನಪಾಗಿ ಎದ್ದುಹೋಗಲು ಅವಕಾಶವಿತ್ತು. ಮದುವೆಯೂಟದಲ್ಲಿ ಮಜ್ಜಿಗೆ ಬಂತೆಂದರೆ ಏಳುವ ಹೊತ್ತಾಯಿತೆಂದು ಎಲೆಯ ಮುಂದೆ ಕುಳಿತ ಮಗುವಿಗೂ ತಿಳಿಯುತ್ತದೆ. ರಾಸ್ಕಿನ್ ಮಜ್ಜಿಗೆಯನ್ನೇ ರದ್ದುಪಡಿಸಿದರು. ಪಾಂಡವರ ಅಕ್ಷಯಪಾತ್ರೆಗೆ ಕೂಡ, ದ್ರೌಪದಿ ಉಂಡ ಮೇಲೆ ಆ ದಿನದ ಮಟ್ಟಿಗೆ ಬರಿದಾಗುವ ಮರ್ಯಾದೆಯಿತ್ತು.

ಅದೇ 2006ರ ಕೊನೆಗೆ ಟೈಮ್ ಪತ್ರಿಕೆ ಮುಖಪುಟದ ಮೇಲೆ ಕನ್ನಡಿಯಂತಹ ಹಾಳೆ ಅಂಟಿಸಿ, ಅಂತರ್ಜಾಲವನ್ನು ತುಂಬುತ್ತಿರುವ 'ನೀವೇ' ವರ್ಷದ ವ್ಯಕ್ತಿ ಎಂದು ಸಾರಿತ್ತು. ಈ ವ್ಯಕ್ತಿ ಬರೆಯುತ್ತಾನೆ, ಚರ್ಚಿಸುತ್ತಾನೆ, ಜ್ಞಾನ ಹಂಚುತ್ತಾನೆ ಎಂಬ ನಿರೀಕ್ಷೆ ಎಷ್ಟು ದೊಡ್ಡದಿತ್ತೆಂದರೆ, ಅವನ ಹೆಬ್ಬೆರಳಿನ ಕಡೆಗೆ ಯಾರ ಗಮನವೂ ಹೋಗಲಿಲ್ಲ.

ಇಲ್ಲಿಯವರೆಗಿನದು ನಗುವ ಮಾತು. 2018ರ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಗಿ, ಅವರಲ್ಲಿ ಒಬ್ಬರಾದ ಹೈದರಾಬಾದಿನ ಎಂಜಿನಿಯರ್ ಅನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ತಪ್ಪಿಸಿಕೊಂಡು ಹೊರಟ ಅವರ ಕಾರಿಗಿಂತ ಮೊದಲೇ, ಇವರು ಮಕ್ಕಳ ಕಳ್ಳರೆಂದು ಸಾರುವ ವಾಟ್ಸ್‌ಆ್ಯಪ್ ವಿಡಿಯೊ ದಾರಿಯಲ್ಲಿನ ಮುರ್ಕಿ ಗ್ರಾಮವನ್ನು ತಲುಪಿತ್ತು. ನೀವು ಯಾರು, ಯಾಕೆ ಬಂದಿರಿ ಎಂದು ಕೇಳಿ ಉತ್ತರ ಬರುವವರೆಗೆ ಕಾಯಲು ಯಾರಿಗೂ ತಾಳ್ಮೆಯಿರಲಿಲ್ಲ. ವಿಡಿಯೊ ಕಳುಹಿಸಿದವರಿಗೂ ಇರಲಿಲ್ಲ, ಕಲ್ಲು ಎತ್ತಿದವರಿಗೂ ಇರಲಿಲ್ಲ. ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿ ಭಾರತಕ್ಕೆಂದೇ ಒಂದು ಪರಿಹಾರವನ್ನು ಪ್ರಕಟಿಸಿತು: ಬಂದ ಸಂದೇಶವನ್ನು ಇನ್ನು ಮುಂದೆ ಒಮ್ಮೆಗೆ 5 ಕಡೆಗಷ್ಟೇ ದಾಟಿಸಬಹುದು. ಅಂದು ಒಂದು ಗುಂಪಿನಲ್ಲಿ 256 ಮಂದಿ ಇರಬಹುದಿತ್ತು. 5 ಗುಂಪುಗಳೆಂದರೆ, ನಿಯಮವನ್ನು ಕಿಂಚಿತ್ತೂ ಮುರಿಯದೆ 1,280 ಮಂದಿ. ಒಬ್ಬ ಮನುಷ್ಯನನ್ನು ಕೊಲ್ಲಲು ಅಷ್ಟು ಜನ ಬೇಕೇ? ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎನ್ನುವಂತೆಯೂ ಇಲ್ಲ, ಏಕೆಂದರೆ ಹಾಕಿದ ಬಾಗಿಲಿಗೆ ಅಗುಳಿಯೇ ಇರಲಿಲ್ಲ.

ಮುಂದಿನ ವರ್ಷ ಇನ್ನೊಂದು ಸುಧಾರಣೆ ಬಂದಿತು. ಕೈಯಿಂದ ಕೈಗೆ ಹಲವು ಬಾರಿ ದಾಟಿಬಂದ ಸಂದೇಶದ ನೆತ್ತಿಯ ಮೇಲೆ, ಓದುವವರು ಹುಷಾರಾಗಿರಲಿ ಎಂದು, ಜೋಡಿ ಬಾಣದ ಗುರುತನ್ನು ಇಡಲಾಯಿತು. ನಮ್ಮ ಬಂಧುಗಳ ಗುಂಪಿನಲ್ಲಿ ಆಗ ಈ ಗುರುತಿಗೆ ಬಹಳ ಗೌರವವಿತ್ತು. ಒಂದೇ ಬಾಣದ ಸಂದೇಶವನ್ನು ಅನುಮಾನಿಸುತ್ತಿದ್ದ ಹಿರಿಯರು, ಜೋಡಿ ಬಾಣ ಕಂಡೊಡನೆ, ಇಷ್ಟೊಂದು ಜನ ಕಳುಹಿಸಿದ್ದಾರೆಂದರೆ ಸುಮ್ಮನೆಯೇ ಎಂದು ಇನ್ನೂ 5 ಕಡೆಗೆ ದಾಟಿಸುತ್ತಿದ್ದರು.