ಮರವಿಲ್ಲದ ನೆಲವೆಲ್ಲ ಖಾಲಿ ಜಾಗವಲ್ಲ

ನಿನ್ನೆ ನೆಂಟರ ಮನೆಯ ಉಪನಯನದಲ್ಲಿ ಊಟ ಮುಗಿಸಿ ಕುಳಿತಿದ್ದಾಗ, ಉತ್ತರಾಖಂಡದ ಚಾರಣಕ್ಕೆ ಹೋಗಿ ಬಂದ ಹುಡುಗನೊಬ್ಬ ಮೊಬೈಲಿನಲ್ಲಿ ಬುಗ್ಯಾಲ್‌ಗಳ ಚಿತ್ರ ತೋರಿಸಿದ. ಮರಗಳು ಬೆಳೆಯುವ ಎತ್ತರವನ್ನು ದಾಟಿದ ಮೇಲೆ ಸಿಗುವ ಹುಲ್ಲುಗಾವಲುಗಳಿಗೆ ಅಲ್ಲಿಯವರು ಬುಗ್ಯಾಲ್ ಎನ್ನುತ್ತಾರೆ. ಚಿತ್ರ ನೋಡಿದ ಮಾವನವರೊಬ್ಬರು, "ಇಷ್ಟು ಜಾಗ ಖಾಲಿ ಬಿದ್ದಿದೆಯಲ್ಲ, ಸರಕಾರದವರು ನಾಲ್ಕು ಗಿಡವಾದರೂ ನೆಡಬಾರದೋ?" ಎಂದರು. ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು. ನನ್ನ ಸಿಟ್ಟಿನ ಪರಿಚಯ ನಿಮಗೆಲ್ಲ ಇದೆ. ಉಂಡ ಪಾಯಸದ ಮರ್ಯಾದೆಗಾಗಿ ಅಲ್ಲಿ ಸುಮ್ಮನಿದ್ದೆ, ಇಲ್ಲಿ ಸುಮ್ಮನಿರಬೇಕಾಗಿಲ್ಲ.

ಆ ನೆಲ ಖಾಲಿಯಲ್ಲ, ಮಹಾರಾಯರೇ. ಅಲ್ಲಿನ ಹುಲ್ಲಿನ ಹೆಚ್ಚಿನ ಪಾಲು ಇರುವುದೇ ಮಣ್ಣಿನ ಒಳಗೆ: ಮೇಲೆ ಗೇಣುದ್ದವೂ ಇಲ್ಲದ ಎಲೆ, ಕೆಳಗೆ ಬೆರಳು ತೂರದಷ್ಟು ಒತ್ತಾಗಿ ಹೆಣೆದುಕೊಂಡ ಬೇರು. ಚಳಿಯಿಂದಾಗಿ ಸತ್ತ ಬೇರು ಬೇಗ ಕೊಳೆಯುವುದಿಲ್ಲವಾದ್ದರಿಂದ ಶತಮಾನಗಳ ಇಂಗಾಲ ಆ ಕಪ್ಪು ಮಣ್ಣಿನಲ್ಲಿ ಉಳಿದುಕೊಂಡಿದೆ. ಸೆಕೆ ಏರಿದಂತೆ ಮಣ್ಣಿನ ಸೂಕ್ಷ್ಮಜೀವಿಗಳು ಚುರುಕಾಗಿ ಅದನ್ನೆಲ್ಲ ಕೊಳೆಯಿಸತೊಡಗುತ್ತವೆ, ಕೂಡಿಟ್ಟ ಇಂಗಾಲ ಗಾಳಿಗೆ ಸೇರುತ್ತದೆ. ಹಿಮ ಕಡಿಮೆ ಬಿದ್ದ ವರ್ಷ ಇನ್ನೊಂದು ಪೆಟ್ಟು: ಹಿಮವೇ ಮಣ್ಣಿಗೆ ಕಂಬಳಿ, ಅದಿಲ್ಲದಿದ್ದರೆ ನೆಲ ಮತ್ತಷ್ಟು ಆಳಕ್ಕೆ ಹೆಪ್ಪುಗಟ್ಟಿ ಬೇರುಗಳಿಗೆ ಹಾನಿಯಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯಲ್ಲಂತೂ ನೆಲದಡಿಯ ಕಾಯಂ ಹಿಮಮಣ್ಣು ಕರಗಿದ ಕಡೆಗಳಲ್ಲಿ ಮೇಲ್ಪದರದ ನೀರು ಕೆಳಗಿಳಿದು ಹುಲ್ಲು ಒಣಗುತ್ತಿದೆ. ಹುಲ್ಲಿನ ಹೊದಿಕೆ ಹರಿದುಹೋದ ಕಡೆ ಕಪ್ಪು ಮಣ್ಣಿನ ಬೋಳು ತೇಪೆಗಳು ಎದ್ದಿವೆ.

ಇಂಥ ನೆಲದಲ್ಲಿ ಗಿಡ ನೆಡಬೇಕಂತೆ! ನೆಡಲು ಗುಂಡಿ ತೋಡಬೇಕಲ್ಲ, ಆ ಗುಂಡಿಯಿಂದ ಹೊರಗೆ ಬೀಳುವುದೇ ಈ ಮಣ್ಣು.

"ಹಾಳು ಮಾಡಿದ್ದು ಕುರಿ ಕಾಯುವವರಲ್ಲವೇ?" ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಅತಿಯಾಗಿ ಮೇಯಿಸಿದರೆ ನೆಲ ಸವೆಯುತ್ತದೆ, ಒಪ್ಪಿದೆ. ಆದರೆ ಋತು ನೋಡಿ ಮೇಲೇರಿ, ಋತು ನೋಡಿ ಕೆಳಗಿಳಿಯುವ ಕುರಿಗಾಹಿಯನ್ನು ಅಪರಾಧಿ ಮಾಡುವವರು, ಅದೇ ಹುಲ್ಲಿನ ಮೇಲೆ ಸಾಲಾಗಿ ಟೆಂಟು ಹೊಡೆದವರ ಬಗ್ಗೆ ಮಾತನಾಡುವುದಿಲ್ಲ. 2018ರಲ್ಲಿ ಉತ್ತರಾಖಂಡದ ಹೈಕೋರ್ಟು ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಬೇಕಾಗಿ ಬಂದದ್ದು ಕುರಿಗಳಿಂದಲ್ಲ. ಬೂಟು ಮತ್ತು ಹೇಸರಗತ್ತೆಗಳ ಗೊರಸು ತುಳಿದ ದಾರಿಯಲ್ಲಿ ಒಮ್ಮೆ ಬೇರಿನ ಹೆಣಿಗೆ ಕಡಿದರೆ ಮಳೆ ಅದನ್ನೇ ಕೊರಕಲು ಮಾಡುತ್ತದೆ. ವರ್ಷಕ್ಕೆ ಕೆಲವೇ ತಿಂಗಳು ಬೆಳೆಯುವ ಹುಲ್ಲು ಆ ಗಾಯವನ್ನು ಮುಚ್ಚುವುದು ಯಾವಾಗ?

ದಯಾರಾ ಬುಗ್ಯಾಲಿನಲ್ಲಿ ಇಂಥ ಕೊರಕಲುಗಳಿಗೆ ಅರಣ್ಯ ಇಲಾಖೆ ತೆಂಗಿನ ನಾರಿನ ಚಾಪೆ ಹಾಸಿ, ಪೈನ್ ಮರದ ಒಣ ಎಲೆಗಳನ್ನೂ ಬಿದಿರನ್ನೂ ಬಳಸಿ ಮಣ್ಣು ಹಿಡಿದು ನಿಲ್ಲಿಸುವ ಕೆಲಸ ಮಾಡಿದೆ. ತೆಂಗಿನ ಊರಿನವರಾದ ನಾವು ಸಿಪ್ಪೆಯನ್ನು ಬಚ್ಚಲಿನ ಒಲೆಗೆ ಹಾಕಿ, ಹಿಮಾಲಯದಲ್ಲಿ ಗಿಡ ನೆಡುವ ಸಲಹೆ ಕೊಡುತ್ತೇವೆ.

ನಮ್ಮ ಗುಡ್ಡಗಳಿಗೂ ಹಿಮಾಲಯಕ್ಕೂ ಹೋಲಿಕೆಯಿಲ್ಲ, ಗೊತ್ತು. ಆದರೆ ಕಣ್ಣು ಅದೇ ತಾನೇ! ಕಾಸರಗೋಡಿನ ಪೊಸಡಿಗುಂಪೆ ಗುಡ್ಡವನ್ನೂ ನಮ್ಮ ಮುರಕಲ್ಲಿನ ಪಾರೆಗಳನ್ನೂ (ಹಾಸುಬಂಡೆಯ ಬಯಲು) 'ಬೋಳುಗುಡ್ಡ' ಎಂದು ಕರೆದು ಅಕೇಶಿಯಾ ಹಚ್ಚಬೇಕೆನ್ನುವವರು, ಆಟಿ ತಿಂಗಳು (ಜುಲೈ–ಆಗಸ್ಟ್) ಕಳೆದ ಮೇಲೆ ಒಮ್ಮೆ ಅಲ್ಲಿ ಕುಕ್ಕರುಗಾಲಲ್ಲಿ ಕುಳಿತು ನೋಡಬೇಕು. ಬೆರಳಿನಷ್ಟು ದಪ್ಪವೂ ಇಲ್ಲದ ಒದ್ದೆ ಮಣ್ಣಿನಲ್ಲಿ, ಹುಲ್ಲಿನ ನಡುವೆ, ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಗಿಡಗಳ ನೀಲಿ ಹೂಗಳು ಕಾಣುತ್ತವೆ. ಅಕೇಶಿಯಾದ ನೆರಳು ಮತ್ತು ತರಗೆಲೆ ಬಿದ್ದಲ್ಲಿ ಅವು ಉಳಿಯುವುದಿಲ್ಲ.

ಜೂನ್ 5ರ ಪರಿಸರ ದಿನಕ್ಕೆ ಗುಡ್ಡದ ಮೇಲೆ ಗಿಡ ನೆಡುವ ಕಾರ್ಯಕ್ರಮವಿದೆಯೆಂದು ಈಗಾಗಲೇ ಇಬ್ಬರು ಕರೆದಿದ್ದಾರೆ. ರಸ್ತೆಬದಿಯಲ್ಲಿ, ಶಾಲೆಯ ಅಂಗಳದಲ್ಲಿ, ತೋಡಿನ ಕರೆಯಲ್ಲಿ ನೆಡುವುದಾದರೆ ಹಾರೆ ಹಿಡಿದು ನಾನೇ ಮೊದಲು ಬರುತ್ತೇನೆ. ಗುಡ್ಡದ ಮೇಲಾದರೆ ನನ್ನನ್ನು ಕರೆಯಬೇಡಿ.