ಹೆಗಡೆಯವರ ಮಂಡಿ

ಸಿರಸಿಯಿಂದ ಬೆಂಗಳೂರಿಗೆ ಬಂದ ಹೊಸತರಲ್ಲಿ ನನ್ನ ಅಡ್ಡಹೆಸರು ಕೇಳಿದವರೆಲ್ಲ ಕೇಳುತ್ತಿದ್ದುದು ಒಂದೇ: "ರಾಮಕೃಷ್ಣ ಹೆಗಡೆಯವರ ಕಡೆಯವರೇ?" 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದ ಅವರ ಊರು ಸಿದ್ದಾಪುರದ ಸೀಮೆಯದು. ನಮ್ಮ ಮನೆಗೂ ಅವರ ಮನೆಗೂ ಇದ್ದ ನಂಟೆಂದರೆ ಸಿರಸಿ–ಸಿದ್ದಾಪುರದ ಬಸ್ಸು. ಆದರೂ ಬಾಡಿಗೆ ಮನೆ ಸಿಗುವವರೆಗೆ ನಾನು ಇಲ್ಲವೆನ್ನಲಿಲ್ಲ, ಸುಮ್ಮನೆ ನಗುತ್ತಿದ್ದೆ.

ಹಳಗನ್ನಡದ ಪೆರ್ಗಡೆ ಸವೆದು ಸವೆದು ಧರ್ಮಸ್ಥಳದಲ್ಲಿ ಹೆಗ್ಗಡೆ, ಬಂಟರಲ್ಲಿ ಹೆಗ್ಡೆ, ನಮ್ಮ ಹವ್ಯಕರಲ್ಲಿ ಹೆಗಡೆ ಆಗಿದೆ. ನನ್ನ ಗ್ಯಾಸ್ ಪುಸ್ತಕದಲ್ಲಿ ಇನ್ನಷ್ಟು ಸವೆದು 'ಹೆಡೆ' ಎಂದಿದೆ. ಬುಸುಗುಟ್ಟಿ ನೋಡಿದೆ, ತಿದ್ದಲಿಲ್ಲ. ಜ್ಯೇಷ್ಠತೆ ಕಡೆಗಣಿಸಿದರೆಂದು ಕೆ.ಎಸ್. ಹೆಗ್ಡೆಯವರು 1973ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹುದ್ದೆಗೇ ರಾಜೀನಾಮೆ ಕೊಟ್ಟರು. ನಾನು ಕೌಂಟರಿನ ಸರದಿ ಬಿಟ್ಟು ಬಂದೆ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕಳೆದ ವರ್ಷ ನಮ್ಮ ಬಡಾವಣೆಯ ಗಣೇಶೋತ್ಸವದ ಅಧ್ಯಕ್ಷರು, "ಹೆಗಡೆ ಎಂದ ಮೇಲೆ ಯಕ್ಷಗಾನ ಬಾರದೇ ಇರುತ್ತದೆಯೇ ಸ್ವಾಮಿ?" ಎಂದರು. ತಪ್ಪು ಅವರದಲ್ಲ. ಕೆರೆಮನೆ ಶಂಭು ಹೆಗಡೆಯವರನ್ನು, 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನು ಕಂಡವರು ಹಾಗೆಯೇ ಅಂದುಕೊಳ್ಳುತ್ತಾರೆ. ನಾನೂ ಅವರ ಆಟ ನೋಡಿದವನೇ, ಕಂಬಳಿ ಹೊದ್ದು, ಅರ್ಧ ನಿದ್ದೆಯಲ್ಲಿ. ಚಿಟ್ಟಾಣಿಯವರ ಭಸ್ಮಾಸುರ ಬಂದಾಗ ಮಾತ್ರ ಅಜ್ಜ ತಿವಿದು ಎಬ್ಬಿಸುತ್ತಿದ್ದ. ಆ ಧೈರ್ಯದ ಮೇಲೆ ಒಪ್ಪಿಕೊಂಡೆ.

ನನ್ನ ಭಸ್ಮಾಸುರ ತನ್ನ ತಲೆಯ ಮೇಲೆ ಕೈಯಿಡುವ ಹಂತಕ್ಕೆ ಬರಲೇ ಇಲ್ಲ. ಎರಡನೆಯ ಸುತ್ತಿಗೇ ಮಂಡಿ ಊರಿದವನು ಏಳಲಾಗದೆ ಅಲ್ಲೇ ಒದ್ದಾಡಿದೆ. ಮಂಡಿಕುಣಿತವೆಂದು ಜನ ಚಪ್ಪಾಳೆ ತಟ್ಟಿದರು. "ಒನ್ಸ್ ಮೋರ್" ಎಂದ ಪುಣ್ಯಾತ್ಮ ಯಾರೋ ಇನ್ನೂ ಗೊತ್ತಾಗಿಲ್ಲ.

ಮರುದಿನ ಕುಂಟುತ್ತಾ ದವಾಖಾನೆಗೆ ಹೋದೆ. ತಪಾಸಣೆ ಮುಗಿಸಿ ಹೊರಗೆ ಕುಳಿತಿದ್ದಾಗ ನರ್ಸಮ್ಮ ಎರಡು ಚೀಟಿ ಹಿಡಿದು "ಹೆಗಡೆ!" ಎಂದು ಕೂಗಿದರು. ನಾನೂ ಎದ್ದೆ, ಮೂಗಿಗೆ ಕರವಸ್ತ್ರ ಹಿಡಿದಿದ್ದ ಹಿರಿಯರೊಬ್ಬರೂ ಎದ್ದರು. ಯಾವ ಊರು, ಯಾರ ಮನೆ ಎಂದು ವಿಚಾರಿಸುತ್ತಲೇ ಆಳಿಗೊಂದು ಚೀಟಿ ತೆಗೆದುಕೊಂಡೆವು. ಕೊನೆಗೆ ಅವರು ನನ್ನ ಅತ್ತೆಯ ಕಡೆಯಿಂದ ನೆಂಟರೇ ಎಂದಾಯಿತು.

ಮೂರು ದಿನ ಗುಳಿಗೆ ನುಂಗಿದರೂ ಮಂಡಿ ಜಗ್ಗಲಿಲ್ಲ. ಚೀಟಿ ಬಿಡಿಸಿ ನೋಡಿದರೆ ಅದು ನೆಗಡಿಯದು. ಪಾಪ, ಆ ಹಿರಿಯರು ಇನ್ನೂ ಸೀನುತ್ತಾ ಮಂಡಿಗೆ ಮುಲಾಮು ತಿಕ್ಕಿಕೊಳ್ಳುತ್ತಿರಬೇಕು.